ಅಪ್ಪನ ಬಲಗೈಯ ಅಲೆ

೨೦೨೫ರ ಜನವರಿ ೧೨, ಭಾನುವಾರ, ಬೆಳಿಗ್ಗೆ ಏಳೂಮುಕ್ಕಾಲು. ಕಮಲಾಪುರದ ನಮ್ಮ ಮನೆಯ ಪಡಸಾಲೆ. ಅಪ್ಪನ ಬಲಗೈ ಹೆಬ್ಬೆರಳಿಗೆ ಕೊರೊನಾ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರ್ ಸಿಕ್ಕಿಸಿದ್ದೆ. ಅದರ ಪುಟ್ಟ ಪರದೆಯ ಮೇಲೆ ನಾಡಿಯ ಅಲೆ ಏಳುತ್ತ ಬೀಳುತ್ತ ಓಡುತ್ತಿತ್ತು. ಮಣಿಕಟ್ಟಿನಲ್ಲಿ ಕಿರುಬೆರಳಿನ ಕಡೆಯ ರಕ್ತನಾಳವನ್ನು ಒತ್ತಿ ಹಿಡಿದೆ. ಅಲೆ ನಿಂತುಹೋಯಿತು.

ಸೆಲ್ ಮುಗಿದಿರಬೇಕೆಂದು ಹೊಸದು ಹಾಕಿದೆ. ಮತ್ತೆ ಒತ್ತಿದೆ. ಮತ್ತೆ ಚಪ್ಪಟೆ ಗೆರೆ.

"ಚಳಿಗಿ ಕೈ ತಣ್ಣಗಾಗ್ಯದ ಬಿಡವ್ವ," ಎಂದ ಅಪ್ಪ. ಅವ್ವ ಬಿಸಿನೀರು ತಂದಳು. ಕೈ ಕೆಂಪಗಾಗುವಷ್ಟು ಹೊತ್ತು ಅದ್ದಿಸಿ, ಒರೆಸಿ, ಮೂರನೆಯ ಸಲ ಒತ್ತಿದೆ. ಅದೇ ಗೆರೆ. ಎಡಗೈಗೆ ಹಾಕಿ ನೋಡಿದರೆ ಎಷ್ಟು ಒತ್ತಿದರೂ ಅಲೆ ಓಡುತ್ತಲೇ ಇತ್ತು. 

ಹೀಗೆ ಒತ್ತಿ ನೋಡುವುದು ನನ್ನ ಕೆಲಸಕ್ಕೆ ಸಂಬಂಧಿಸಿದ್ದು. ಕಲಬುರಗಿಯ ಕುಸನೂರಿನಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿ ನಾವು ಮೂವರು ಕ್ಯಾಥೆಟರ್ ವಿನ್ಯಾಸ ಮಾಡುತ್ತೇವೆ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕಡೆಯ ರಕ್ತನಾಳದೊಳಗೆ ಹೊಕ್ಕು, ತೋಳು, ಭುಜ ದಾಟಿ ಹೃದಯದ ರಕ್ತನಾಳಗಳ ಬಾಯಿಗೆ ತಲುಪುವ ತೆಳ್ಳನೆಯ ನಳಿಕೆ ಅದು. ಅದರ ತುದಿಯ ಬಾಗು ನನ್ನ ಪಾಲಿನ ಕೆಲಸ. ಉಕ್ಕಿನ ತಂತಿಯ ಮೇಲೆ ಬಗ್ಗಿಸಿ, ಕಾಯಿಸಿ, ಆರಿಸಿ, ಸಿಲಿಕೋನಿನ ಕೃತಕ ತೋಳಿನೊಳಗೆ ತೂರಿಸುತ್ತೇನೆ. ಎಷ್ಟು ಹೊತ್ತಿಗೆ ತಲುಪಿತು, ಎಲ್ಲಿ ತಡೆಯಿತು, ಎಲ್ಲಿ ಮಡಚಿತು ಎಂದು ತಾರೀಖು ಹಾಕಿ ಬರೆದಿಡುತ್ತೇನೆ. ಹೊಸ ತೋಳಿನ ಮಾದರಿಗೆ ಸಾಮಾನ್ಯ ಜನರ ಮಣಿಕಟ್ಟಿನ ಅಳತೆ ಬೇಕಿತ್ತು. ನಮಗೆ ಸಲಹೆ ಕೊಡುವ ಹೃದ್ರೋಗ ವೈದ್ಯರು ಈ ಪರೀಕ್ಷೆಯನ್ನು ಹೇಳಿಕೊಟ್ಟಿದ್ದರು: ಕಿರುಬೆರಳಿನ ಕಡೆ ಒತ್ತಿದಾಗಲೂ ಅಲೆ ಉಳಿದರೆ ಹೆಬ್ಬೆರಳಿನ ಕಡೆಯ ದಾರಿ ತೆರೆದಿದೆ, ನಿಂತರೆ ಮುಚ್ಚಿದೆ.

ಅಪ್ಪನಿಗೆ ಎರಡು ವರ್ಷದ ಹಿಂದೆ ಅದೇ ಬಲಗೈಯಿಂದ ನಳಿಕೆ ಹಾಕಿ ಸ್ಟೆಂಟ್ ಕೂಡಿಸಿದ್ದರು. ಈಗ ಮೆಟ್ಟಿಲು ಹತ್ತಿದರೆ ಮತ್ತೆ ಎದೆ ಭಾರ. ಬರುವ ಗುರುವಾರ ಇನ್ನೊಮ್ಮೆ ಆಂಜಿಯೋಗ್ರಾಂ ಇತ್ತು. ಆಸ್ಪತ್ರೆಯವರು ನಾಡಿ ಹಿಡಿದು ನೋಡಿ, ಮತ್ತೆ ಬಲಗೈಯಿಂದಲೇ ಎಂದು ಬರೆದುಕೊಟ್ಟಿದ್ದರು.

ನಾನೂ ಹೆಬ್ಬೆರಳಿನ ಕಡೆ ಹಿಡಿದು ನೋಡಿದೆ. ನಾಡಿ ಬಡಿಯುತ್ತಿತ್ತು! ಕಿರುಬೆರಳಿನ ಕಡೆ ಒತ್ತಿದೊಡನೆ ಅದೂ ಇಲ್ಲ. ಆ ಬಡಿತ ಅಂಗೈಯನ್ನು ಸುತ್ತುಹಾಕಿ ಇನ್ನೊಂದು ನಾಳದಿಂದ ಬರುತ್ತಿತ್ತು.

ಗಂಜ್ ಮಾರುಕಟ್ಟೆಯ ತೊಗರಿ ಅಡತಿ ಅಂಗಡಿಯಲ್ಲಿ ದುಡಿಯುವ ಕಾಕಾ ಚಹಾ ಕುಡಿಯುತ್ತ ಕುಳಿತಿದ್ದ. "ಏನವ್ವ ಪೈಪಿನ ಇಂಜಿನಿಯರ್, ನಮ್ಮಣ್ಣ ಅದಾನೋ ಇಲ್ಲೋ?"

"ಕೈಯಾಗಿನ ಒಂದು ನರ ಬಂದ್ ಆಗ್ಯದ ಕಾಕಾ."

"ಬಂದ್ ಆದ ಕೈಲೆ ನಿನ್ನೆ ನನ್ನ ಪ್ಯಾಂಟು ಕಟ್ ಮಾಡ್ಯಾನಲ್ಲ!"

ಅಪ್ಪ ದರ್ಜಿ. ಎರಡು ವರ್ಷ ಅದೇ ಕೈಯಲ್ಲಿ ಕತ್ತರಿ ಹಿಡಿದಿದ್ದ. ನೋವಿಲ್ಲ, ಜೋಮಿಲ್ಲ. ನನ್ನನ್ನು ಹೆದರಿಸಿದ್ದು ಅದೇ.

ಸೋಮವಾರ ಅಪ್ಪನನ್ನು ಕಲಬುರಗಿಗೆ ಕರೆದುಕೊಂಡು ಹೋದೆ. ನಮ್ಮ ವೈದ್ಯರು ಮಣಿಕಟ್ಟಿನ ಮೇಲೆ ಸ್ಕ್ಯಾನ್ ಯಂತ್ರದ ಹಿಡಿಕೆ ಇಟ್ಟು ತೋರಿಸಿದರು. ಮುಂಗೈಯ ಉದ್ದಕ್ಕೂ ನಾಳ ಗಟ್ಟಿಯಾಗಿ ಮುಚ್ಚಿತ್ತು.

"ಕೈಗೇನೂ ಆಗಂಗಿಲ್ರಿ ಯಜಮಾನ್ರೆ," ಎಂದರು ಅಪ್ಪನಿಗೆ. "ಆದ್ರ ಈ ದಾರಿ ಮುಗೀತು. ಎಡಗೈಲೆ ಮಾಡಸ್ಕೋರಿ, ಅವರಿಗೆ ಬರದು ಕೊಡ್ತೀನಿ. ಅದನ್ನ ಮಾತ್ರ ಕಳ್ಕೊಬ್ಯಾಡ್ರಿ."

"ಯಾಕೆ ಮುಚ್ಚಿತು ಸರ್?" ಎಂದು ಕೇಳಿದೆ.

"ನಳಿಕಿ ದಪ್ಪ ಆಗಿರಬಹುದು. ಆಮ್ಯಾಲ ಬಿಗಿಯಾಗಿ ಒತ್ತಿ ಕಟ್ಟಿರಬಹುದು. ಈಗ ಹ್ಯಾಂಗ ಹೇಳೂದು? ಮನ್ಯಾಗ ಏನರ ಕಟ್ಟಿದ್ರೇನು?"

ಅಪ್ಪ ಅಂಗಿಯ ತೋಳು ಇಳಿಸಿಕೊಂಡು ಎದ್ದ. ಸಂಜೆ ಅವ್ವ ಹೇಳಿದಳು. ಆಸ್ಪತ್ರೆಯವರು ಹಾಕಿ ಕಳಿಸಿದ್ದು ಒಂದು ಸಣ್ಣ ಪಟ್ಟಿ. ಹೃದಯದ ರಕ್ತ, ಚಿಮ್ಮಿದರೆ ನಿಲ್ಲುವುದಿಲ್ಲ ಎಂದು ಅಪ್ಪನಿಗೆ ಭಯ. ಅಂಗಡಿಯಿಂದ ಅಂಗಿ ಕಾಲರಿನೊಳಗೆ ಹಾಕುವ ಕ್ಯಾನ್ವಾಸ್ ತರಿಸಿ, ಅಳತೆಗೆ ಕತ್ತರಿಸಿ, ಮಣಿಕಟ್ಟಿಗೆ ಸುತ್ತಿಸಿಕೊಂಡಿದ್ದ. ಎಳೆದರೆ ಒಂದು ಕೂದಲಿನಷ್ಟೂ ಹಿಗ್ಗದ ಬಟ್ಟೆ ಅದು. ಮಾತಾಡಿಸಲು ಬಂದವರೆಲ್ಲ "ಸಡ್ಲ್ ಆಗ್ಯದ ನೋಡ್ರಿ" ಎಂದು ಒಬ್ಬೊಬ್ಬರೂ ಗಂಟು ಬಿಗಿದು ಹೋಗಿದ್ದರು. ನಾನು ಆಗ ಹಾಸ್ಟೆಲಿನಲ್ಲಿದ್ದೆ.

"ನಾಕು ದಿನ ಬಿಚ್ಚಗೊಡಲಿಲ್ಲ ನಿಮ್ಮಪ್ಪ. ಕೈ ಉಬ್ಬಿ ಬೋಂಡಾ ಆಗಿತ್ತು," ಎಂದಳು ಅವ್ವ.

"ನಿಮ್ಮಣ್ಣ ಬಂದು ಹಲ್ಲಿಲೆ ಕಚ್ಚಿ ಗಂಟು ಬಿಗದ್ನಲ್ಲ, ಅದನ್ನೂ ಹೇಳು," ಎಂದ ಅಪ್ಪ.

ಅವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಬರೆದಿಟ್ಟ ಲೆಕ್ಕವೆಲ್ಲ ನಳಿಕೆ ಒಳಗೆ ಹೋಗುವುದರದ್ದು. ಅದು ಹೊರಬಂದ ಮೇಲೆ ಆ ನಾಳಕ್ಕೆ ಏನಾಯಿತು ಎಂದು ಒಂದು ಸಾಲೂ ಬರೆದಿರಲಿಲ್ಲ. ಸಿಲಿಕೋನಿನ ತೋಳಿಗೆ ಮುಚ್ಚಿಕೊಳ್ಳುವುದೇ ಗೊತ್ತಿಲ್ಲ. ಅದನ್ನು ತೊಳೆದು ಮೊಳೆಗೆ ನೇತುಹಾಕಿದರೆ ಮರುದಿನವೂ ಹಾಗೇ ತೆರೆದಿರುತ್ತದೆ.

ಗುರುವಾರ ಎಡಗೈಯಿಂದ ಆಂಜಿಯೋಗ್ರಾಂ ಆಯಿತು. ತೆಳುವಾದ ನಳಿಕೆಯನ್ನೇ ಬಳಸಿದರು. ಹಳೆಯ ಸ್ಟೆಂಟ್ ಸರಿಯಾಗಿತ್ತು. ಪಕ್ಕದ ಕವಲಿನಲ್ಲಿ ಸ್ವಲ್ಪ ಕಿರಿದಾಗಿದೆ, ಈಗ ಗುಳಿಗೆ ಸಾಕು, ಮುಂದೆ ಮತ್ತೆ ನೋಡಬೇಕಾದೀತು ಎಂದರು. ಮುಂದೆ ಎಂದರೆ ಮತ್ತೆ ಅದೇ ಎಡಗೈ.

ಶುಕ್ರವಾರ ಸಂಜೆ ಮನೆಗೆ ಬಂದೆವು. ನಾವು ಕೂರುವಷ್ಟರಲ್ಲಿ ಮಾವ ಬಾಗಿಲಲ್ಲಿದ್ದ. ಅಪ್ಪನ ಕೈ ನೋಡಿದವನೇ, "ಇದೇನ್ರಿ, ಇಷ್ಟೇ ಪಟ್ಟಿ?" ಎಂದು ಮುಂದೆ ಬಂದ.

ಅವ್ವ ಅಡ್ಡ ನಿಂತಳು. "ಅಣ್ಣಾ, ಚಹಾ ಕುಡಿ, ಮಾತಾಡು. ಕೈ ಮುಟ್ಟಿದೀ ಅಂದ್ರ ನಿನ್ನ ಹಲ್ಲು ಮುರೀತೀನಿ."

ಮರುದಿನ ಅಪ್ಪನ ಎಡಗೈ ಹೆಬ್ಬೆರಳಿಗೆ ಆಕ್ಸಿಮೀಟರ್ ಹಾಕಿ, ಕಿರುಬೆರಳಿನ ಕಡೆ ಒತ್ತಿದೆ. ಅಲೆ ಸಣ್ಣದಾಯಿತು.  ಆದರೆ ಅಲೆ ನಿಲ್ಲಲಿಲ್ಲ. ಈಗ ಪ್ರತಿ ಭಾನುವಾರ ನೋಡುತ್ತೇನೆ, ಬರೆದಿಡುತ್ತೇನೆ. ಇಲ್ಲಿಯವರೆಗೆ ಅಲೆ ಇದೆ.

ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿಸಿಕೊಂಡವರು, ಅವರ ಮನೆಯವರು, ಈ ಕೆಲಸದಲ್ಲಿರುವ ವೈದ್ಯರು, ನರ್ಸುಗಳು ಇದನ್ನು ಓದುತ್ತಿದ್ದರೆ ಒಂದು ಮಾತು ಬರೆದು ತಿಳಿಸಿ: ನಿಮ್ಮ ಕೈಯ ನಾಳವನ್ನು ಆಮೇಲೆ ಯಾರಾದರೂ ಹೀಗೆ ಒತ್ತಿ ನೋಡಿದ್ದರೇ? ಮನೆಯಲ್ಲಿ ಏನು ಕಟ್ಟಿದ್ದಿರಿ, ಎಷ್ಟು ದಿನ? ಎರಡು ವರ್ಷ ಮುಚ್ಚಿದ್ದ ನಾಳ ತಾನಾಗಿ ತೆರೆದದ್ದನ್ನು ಕಂಡವರಿದ್ದರೆ, ಅದನ್ನು ಮೊದಲು ಬರೆಯಿರಿ.