ತಂಗಿ ಬರೆದ ಐದು ಬಾಣಗಳು

ತಂಗಿ ಕಲ್ಯಾಣದುರ್ಗದ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದಳು. ನಾನು ಹತ್ತನೇ ತರಗತಿಗೇ ಓದು ಬಿಟ್ಟು ಹಿಂದೂಪುರದಲ್ಲಿ ಮಗ್ಗಕ್ಕೆ ಕೂತವಳು. ಅವಳು ತೀರಿಕೊಂಡ ಮೇಲೆ ಅವಳ ನೋಟ್‌ಬುಕ್ಕುಗಳನ್ನು ಮನೆಗೆ ತಂದೆ.

ಕೊನೆಯ ಪುಟದಲ್ಲಿ ಕಬ್ಬಿಣದ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಕೂರುವ ಜಾಗಗಳ ಚಿತ್ರವಿತ್ತು. ಮೊದಲು 4sನಲ್ಲಿ ಎರಡು ತುಂಬುತ್ತವೆ, ಆಮೇಲೆ 3dಯಲ್ಲಿ ಆರು ಎಂದು ಬರೆದಿದ್ದಳು. ಕೆಳಗೆ, ಮೂರು ಎಲೆಕ್ಟ್ರಾನು ಕಳೆದುಕೊಂಡ ಅಯಾನು: 4s ಖಾಲಿ, 3dಯ ಐದು ಚೌಕಗಳಲ್ಲಿ ಎಲೆಕ್ಟ್ರಾನಿಗೊಂದರಂತೆ ಐದು ಒಂಟಿ ಬಾಣ. ನನಗೆ ಗೊಂದಲವಾಯಿತು. ನೇಯ್ದದ್ದನ್ನು ಬಿಚ್ಚುವಾಗ ಕೊನೆಗೆ ಹಾಕಿದ ಎಳೆಯೇ ಮೊದಲು ಬರುತ್ತದೆ. 3dಯ ಆರರಲ್ಲಿ ಮೂರು ತೆಗೆದರೆ ಒಂಟಿಗಳು ಮೂರೇ ಅಲ್ಲವೇ? ಕಾಯಿಲೆಯಲ್ಲಿ ತಪ್ಪಿರಬೇಕು, ಯಾರೂ ಅವಳನ್ನು ಆಡಿಕೊಳ್ಳಬಾರದು ಎಂದು ಎರಡು ಬಾಣಗಳನ್ನು ಪೆನ್ನಿನಲ್ಲಿ ಹೊಡೆದುಹಾಕಿ 4sಗೆ ಜೋಡಿ ಬರೆದೆ.

ಕಾಲೇಜಿನಲ್ಲಿ ಇಂಟರ್ ಓದುವ ಅವಳ ಮಗಳು ನೋಡಿದಳು. “ಅಮ್ಮ ಬರ್ದಿದ್ದೇ ಸರಿ ಕಣ್ ದೊಡ್ಡಮ್ಮ. ಇದೇನ್ ನಿನ್ ಮಗ್ಗನಾ? ಆಚೇವು ಮೊದ್ಲು ಹೋಯ್ತವೆ.”

“ಮೊದ್ಲು ಬಂದವೇ ಮೊದ್ಲು ಹೋಗೋದೆಂಗೆ?”

“4s ಆಚೆಗಿರ್ತದಲ್ಲ.” ಎರಡು ಸಲ ಹೇಳಿದಳು. ನನಗೆ ತಿಳಿಯಲಿಲ್ಲ.

ಹುಡುಗಿ ಆಚೆ ಹೋದ ಮೇಲೆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನ ಗೀಟಿನಡಿಯಲ್ಲಿ ತಂಗಿಯ ಒಂದು ಬಾಣ ಕಾಣುತ್ತದೆ. ಇನ್ನೊಂದು ಉಳಿದಿದೆಯೋ ಇಲ್ಲವೋ, ಗೊತ್ತಾಗುತ್ತಿಲ್ಲ.