ಬುಧವಾರದ ಅರ್ಧ ಗಂಟೆ

ಆ ಮಂಗಳವಾರ ಸಂಜೆ ಅವಳು ಗಂಡನ ಜೊತೆ ಜಗಳವಾಡಿದಳು. ದೊಡ್ಡದೇನಲ್ಲ, ಸಾಸಿವೆ ಸಿಡಿದ ಹಾಗೆ ಚಟಪಟ ಅಂದು ಮುಗಿಯುವಂಥದು.

"ಬುಧವಾರ ಬಂತಂದ್ರೆ ನಿಮ್ಮ ಡಬ್ಬಿಗೆ ನನ್ನ ಫೋನೇ ಬೇಕಾ? ಕೈತುಂಬ ಒದ್ದೆ ಬಟ್ಟೆ ಇರುತ್ತೆ. ಅದು ಬಡ್ಕೊಳ್ಳುತ್ತೆ, ಸೀಟಿಯಮ್ಮ ಎಲ್ಲರೆದುರು ಉಗೀತಾಳೆ."

ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಸೀಟಿಯಮ್ಮ ಅಂದರೆ ಅಲ್ಲಿಯ ಮೇಲ್ವಿಚಾರಕಿ. ಗಂಡನದು ಅಂಗಡಿ, ಗೋದಾಮುಗಳಿಗೆ ಕಳ್ಳರ ಅಲಾರಂ ಕೂರಿಸುವ ಕೆಲಸ. ಮನೆಯಲ್ಲೂ ಒಂದು ಕೂರಿಸಿದ್ದ, ಕಳ್ಳರಿಗಲ್ಲ, ತಾಯಿಗೆ. ಅತ್ತೆಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿತ್ತು. ಒಳಕೋಣೆಯ ಮಂಚವೇ ಅವರ ಲೋಕ. ಮೈಯಲ್ಲಿ ಆಡುತ್ತಿದ್ದದ್ದು ಬಲಗೈ ಒಂದೇ. ಕೊರಳಿಗೆ ಗುಂಡಿಯೊಂದನ್ನು ಕಟ್ಟಿದ್ದ. ಒತ್ತಿದರೆ ಮಾಳಿಗೆಯ ಮೇಲಿನ ಸೈರನ್ ಕೂಗುತ್ತಿತ್ತು, ಸೊಸೆಯ ಫೋನಿಗೂ ಕರೆ ಹೋಗುತ್ತಿತ್ತು.

ಯಂತ್ರ ನಿದ್ದೆ ಹೋಗಬಾರದು ಅಂತ ಅದಕ್ಕೆ ವೇಳಾಪಟ್ಟಿ ಹಾಕಿದ್ದ. ಪ್ರತಿ ಬುಧವಾರ, ಅವನ ರಜೆಯ ದಿನ, ಹನ್ನೊಂದಕ್ಕೆ ಸರಿಯಾಗಿ ತಾನೇ ಕೂಗಿ, ತಾನೇ ಕರೆ ಮಾಡಿ, ತಾನೇ ಸುಮ್ಮನಾಗಬೇಕು. ಬೀದಿಯವರು ಅದಕ್ಕೆ ಹುಂಜ ಅಂತ ಹೆಸರಿಟ್ಟಿದ್ದರು.

"ಅಷ್ಟೇನಾ ಮಹಾರಾಣಿ? ತಾಳು." ಸ್ಟೂಲು ಹತ್ತಿದ, ಗೋಡೆಯ ಅಲಾರಂ ಡಬ್ಬಿಯಲ್ಲಿ ಟಿಕ್ ಟಿಕ್ ಅಂತ ಏನೇನೋ ಒತ್ತಿದ. "ಆಯ್ತು. ಬುಧವಾರ ಹನ್ನೊಂದರಿಂದ ಹನ್ನೊಂದೂವರೆ, ನಿನ್ನ ಫೋನಿಗೆ ರಜ. ಇನ್ನಾದ್ರೂ ಬೈಬೇಡ."

"ಬೈದ್ರೆ ತಾನೇ ನೀವು ಕೆಲಸ ಮಾಡೋದು," ಅಂದಳು.

ಮಾರನೆಯ ದಿನ ಹನ್ನೊಂದಕ್ಕೆ ಅವಳು ಆಸ್ಪತ್ರೆಯ ತಾರಸಿಯಲ್ಲಿ ಹಾಸುಗೆ ಬಟ್ಟೆ ಒಣಹಾಕುತ್ತಿದ್ದಳು. ಎರಡು ಬೀದಿ ಆಚೆಯಿಂದ ಹುಂಜ ಕೂಗಿತು, ನಿಂತಿತು. ಫೋನು ಸುಮ್ಮನಿತ್ತು. ಒಳ್ಳೆಯದಾಯಿತು ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು. ಆಮೇಲೆ ಮತ್ತೆ.

"ಏನೇ, ನಿನ್ನ ಗಂಡನ ಹುಂಜಕ್ಕೆ ಇವತ್ತು ಹುಚ್ಚು ಹಿಡಿದಿದೆಯಾ?" ಅಂದಳು ಜೊತೆಯವಳು.

"ಹುಂಜಕ್ಕಲ್ಲ, ಅವರಿಗೇ ಹಿಡಿದಿರೋದು, ರಜ ಅಂತ ಡಬ್ಬಿ ಕೆದಕ್ತಾ ಕೂತಿರ್ತಾರೆ," ಅಂತ ಇವಳು ನಕ್ಕಳು. ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿ ಹರವಿದಳು.

ಮಧ್ಯಾಹ್ನ ಊಟಕ್ಕೆ ಬಂದಾಗ ಅಡುಗೆಮನೆಯ ನೆಲದ ಮೇಲೆ ಅವನು ಬಿದ್ದಿದ್ದ. ಮೈ ತಣ್ಣಗಾಗಿತ್ತು. ಎದೆಯ ನೋವು, ಬೇಗ ತಂದಿದ್ದರೆ ಉಳಿಯುತ್ತಿದ್ದರೋ ಏನೋ ಅಂದರು ಡಾಕ್ಟರು. ಬೇಗ ಯಾರು ತರಬೇಕಿತ್ತು? ಮನೆಯಲ್ಲಿ ಇದ್ದದ್ದು ಒಬ್ಬರೇ.

ಅಂದಿನಿಂದ ಅವಳು ಅತ್ತೆಯ ಮುಖ ನೋಡಲಿಲ್ಲ. ಗಂಜಿ ತಿನ್ನಿಸಿದಳು, ಸೀರೆ ಬದಲಿಸಿದಳು, ಎಲ್ಲ ಗೋಡೆ ನೋಡಿಕೊಂಡೇ. ಮುದುಕಿ ಹೆಬ್ಬೆರಳು ಎತ್ತಿ ಗಾಳಿಯಲ್ಲಿ ಕುಟ್ಟುತ್ತಿದ್ದರು, ಕುಟ್ಟುತ್ತಲೇ ಇರುತ್ತಿದ್ದರು. ಒಂದು ದಿನ ತಡೆಯಲಾರದೆ ಅಂದುಬಿಟ್ಟಳು:

"ಈಗ ಬೆರಳು ಆಡ್ಸಿ ಏನು ಬಂತು? ಹೆತ್ತ ಮಗ ದೊಪ್ಪಂತ ಬಿದ್ದಾಗ ಕೊರಳಲ್ಲಿದ್ದ ಗುಂಡಿ ಒತ್ತೋಕಾಗ್ಲಿಲ್ವಾ ನಿಮಗೆ?"

ಮುದುಕಿಯ ಕಣ್ಣಿಂದ ನೀರು ಇಳಿದು ಕಿವಿಗೆ ಹೋಯಿತು. ಅವಳು ಒರೆಸಲಿಲ್ಲ.

ಸತ್ತವನ ಹುಂಜ ಮಾತ್ರ ವಾರ ತಪ್ಪದೆ ಕೂಗಿತು. ನಾಲ್ಕನೆಯ ಬುಧವಾರ ಎದುರುಮನೆಯವರು ಬಂದು, "ಕೇಳೋಕಾಗಲ್ಲಮ್ಮ, ನಿಲ್ಲಿಸಿ," ಅಂದರು. ಗಂಡನ ಜೊತೆ ಕೆಲಸ ಮಾಡುತ್ತಿದ್ದವನನ್ನು ಕರೆಸಿದಳು. ಉದ್ದಕ್ಕಿದ್ದ, ಅದಕ್ಕೇ ಎಲ್ಲರಿಗೂ ಅವನು ಏಣಿ. ಸ್ಟೂಲು ಬೇಕಾಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿದವನು ಅದನ್ನೇ ಮತ್ತೆ ಮತ್ತೆ ಓದಿದ.

"ಏನಪ್ಪಾ?"

"ಅತ್ತಿಗೆ, ಇದು ಎಲ್ಲಾ ಗುರುತು ಇಟ್ಕೊಳ್ಳುತ್ತೆ. ಆವತ್ತು ಹನ್ನೊಂದಕ್ಕೆ ಪರೀಕ್ಷೆ ಆಗಿದೆ. ಹನ್ನೊಂದೂ ನಾಲ್ಕಕ್ಕೆ ಅಮ್ಮ ಗುಂಡಿ ಒತ್ತಿದ್ದಾರೆ."

"ಒತ್ತಿದ್ದಾರಾ?"

"ಏಳು ಸಲ. ಕೊನೇದು ಹನ್ನೊಂದೂ ಇಪ್ಪತ್ತಾರಕ್ಕೆ."

"ನನ್ನ ಫೋನು ಬಡೀಲೇ ಇಲ್ಲ."

"ಆ ಅರ್ಧ ಗಂಟೆ ಕರೆ ಹೋಗದ ಹಾಗೆ ಹಿಂದಿನ ಸಂಜೆ ಹೊಸದಾಗಿ ಹಾಕಿದ್ದಾರೆ. ನಮ್ಮ ಕಸುಬಲ್ಲಿ ಹಾಗೆ ಮಾಡಲ್ಲ ಅತ್ತಿಗೆ. ಗುಂಡಿಯ ಕರೆ ಯಾವತ್ತೂ ಮುಚ್ಚಬಾರದು. ಅಣ್ಣ ಯಾಕೆ ಹೀಗೆ ಮಾಡಿದ್ರೋ..."

"ಅವರಲ್ಲ. ನಾನು ಮಾಡಿಸಿದ್ದು."

ಫೋನು ಬಡಿಯದಿದ್ದರೂ ಅವಳಿಗೆ ಕಿವಿ ಇತ್ತು. ಏಳು ಸಲದಲ್ಲಿ ಎರಡನ್ನಾದರೂ ಅವಳು ಕೇಳಿಸಿಕೊಂಡಿದ್ದಳು. ಕೇಳಿ ನಕ್ಕಿದ್ದಳು.

ಒಳಗೆ ಹೋಗಿ ಮಂಚದ ಪಕ್ಕ ಕುಸಿದಳು. ಎದೆ ಎದೆ ಬಡಿದುಕೊಂಡಳು. ಮುದುಕಿ ಆ ಒಂದು ಕೈ ಚಾಚಿ, ಬಡಿದುಕೊಳ್ಳುತ್ತಿದ್ದ ಕೈಯನ್ನು ಹಿಡಿಯಲು ನೋಡಿದರು. ಸಿಗಲಿಲ್ಲ. ಇಬ್ಬರೂ ಅತ್ತರು, ಒಬ್ಬಳು ಸದ್ದು ಮಾಡಿ, ಒಬ್ಬರು ಸದ್ದಿಲ್ಲದೆ.

ಬಾಗಿಲಲ್ಲಿ ಏಣಿ ಕೇಳಿದ: "ಡಬ್ಬಿ ಕಿತ್ತುಬಿಡ್ಲಾ ಅತ್ತಿಗೆ?"

"ಬುಧವಾರದ್ದು ಕಿತ್ತುಹಾಕು. ಫೋನಿನ ಕರೆ ಮತ್ತೆ ಹಾಕು. ಯಾವ ಹೊತ್ತಲ್ಲೂ ಅದಕ್ಕೆ ರಜ ಬೇಡ."

"ಪರೀಕ್ಷೆ ಇಲ್ದೆ ಬಿಡಬಾರ್ದು. ಕೆಟ್ಟಿದ್ರೆ ಗೊತ್ತಾಗಲ್ಲ."

"ಗೊತ್ತು ಮಾಡ್ಕೊಳ್ತೀನಿ."

ಈಗ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳು ಎದುರುಮನೆ, ಪಕ್ಕದ ಮನೆ ಎರಡರ ಬಾಗಿಲೂ ತಟ್ಟುತ್ತಾಳೆ. "ಈಗ ಕೂಗಿಸೋದು ನಾನು. ಒಂದೇ ಸಲ. ಆಮೇಲೆ ಕೂಗಿದ್ರೆ ಓಡಿ ಬನ್ನಿ." ದಿನಾ ಅದೇ ಮಾತು. ಅವರು ದಿನಾ ಹೂಂ ಅನ್ನುತ್ತಾರೆ. ಒಳಗೆ ಬಂದು ಅತ್ತೆಯ ಹೆಬ್ಬೆರಳನ್ನು ಗುಂಡಿಯ ಮೇಲೆ ಇಡುತ್ತಾಳೆ, ತಾನು ಒತ್ತುವುದಿಲ್ಲ. ಅತ್ತೆಯೇ ಒತ್ತಬೇಕು. ಮೇಲೆ ಸೈರನ್ ಕೂಗುತ್ತದೆ, ಕೈಯಲ್ಲಿ ಫೋನು ಬಡಿದುಕೊಳ್ಳುತ್ತದೆ. ಎತ್ತಿ ಕಿವಿಗಿಟ್ಟುಕೊಂಡು, "ಬಂದೆ," ಅನ್ನುತ್ತಾಳೆ.