ಚಿತ್ರವಿಲ್ಲದ ಆಟಕ್ಕೊಂದು ಅಂಗಡಿ

ಎಲ್ವೀರಾ ಗ್ರಿಗಾಯ್ತೆ ಲಿಥುವೇನಿಯಾದ ನಮ್ಮ ಕೌನಾಸ್ ಊರಿನ ಕುರುಡರಿಗೆಲ್ಲ ಮೊದಲು ಪರಿಚಯವಾದದ್ದು ಬರಿಯ ದನಿಯಾಗಿ. ಬ್ರಷ್ ಕಾರ್ಖಾನೆಯ ಹಿಂದಿನ ಓಣಿಯಲ್ಲಿ, ನಮ್ಮ ಕುರುಡರ ಸಂಘದ ಮಹಡಿಯ ಮೇಲೆ ಧ್ವನಿಮುದ್ರಣದ ಕೋಣೆಯೊಂದಿತ್ತು. ಅಲ್ಲಿ ಕೂತು ಅವಳು ಇಪ್ಪತ್ತಾರು ವರ್ಷ ಪುಸ್ತಕಗಳನ್ನು ಟೇಪಿಗೆ ಓದಿದಳು. ನಾನು ಹುಟ್ಟುಕುರುಡ. ಆ ಕಾರ್ಖಾನೆಯಲ್ಲಿ ಬ್ರಷ್ಷಿಗೆ ಹಂದಿಕೂದಲು ಕಟ್ಟುವುದು ನನ್ನ ಕೆಲಸ. ನಮ್ಮ ಕೈಗಳು ದುಡಿಯುತ್ತಿದ್ದರೆ ಗೋಡೆಯ ಮೇಲಿನ ಧ್ವನಿವರ್ಧಕದಲ್ಲಿ ಅವಳು ಓದುತ್ತಿದ್ದಳು. ಕಥೆಯಲ್ಲಿ ಯಾರಾದರೂ ಸಾಯುವ ಪುಟ ಬಂದರೂ ಅವಳು ದನಿ ನಡುಗಿಸುತ್ತಿರಲಿಲ್ಲ. ಅದಕ್ಕೇ ನಮಗೆ ಅವಳ ಮೇಲೆ ಗೌರವ.

ಅವಳಿಗೆ ಐವತ್ತೆರಡಾದಾಗ ಆ ಕೋಣೆ ಮುಚ್ಚಿತು. ಮದುವೆಯಾದವಳಲ್ಲ, ತಾಯಿಯೂ ಅದೇ ವರ್ಷ ತೀರಿಕೊಂಡಿದ್ದಳು. ಇನ್ನು ಅವಳು ಮನೆ ಹಿಡಿದು ಕೂರುತ್ತಾಳೆ ಎಂದುಕೊಂಡಿದ್ದೆವು. ಅಷ್ಟರಲ್ಲಿ ಗೀತಿಸ್ ಅವಳ ಮನೆಯ ಗಂಟೆ ಒತ್ತಿದ. ಗೀತಿಸನೂ ನನ್ನಂತೆ ಹುಟ್ಟುಕುರುಡ. ನಮ್ಮ ಕಾರ್ಖಾನೆಯಲ್ಲೇ ದುಡಿದ ದಂಪತಿಯ ಮಗ, ಇಪ್ಪತ್ತೇಳರ ಗಂಡು, ಕಂಪ್ಯೂಟರ್ ವಿದ್ಯೆಯಲ್ಲಿ ಪಳಗಿದವನು, ನಾಲಿಗೆ ಮಾತ್ರ ಚಾಕು. ಅವನು ಒಂದು ಆಟ ಕಟ್ಟಿದ್ದ, ಬರೀ ಸದ್ದಿನ ಆಟ. ಹೆಪ್ಪುಗಟ್ಟಿದ ಕೆರೆಯನ್ನು ನಡೆದು ದಾಟಬೇಕು. ಎಡಕ್ಕೆ ಮಂಜುಗಡ್ಡೆ ಬಿರಿದ ಸದ್ದಾದರೆ ಬಲಕ್ಕೆ ಸರಿಯಬೇಕು. ಆಚೆ ದಡದಲ್ಲಿ ನಾಯಿಯೊಂದು ಬೊಗಳುತ್ತಿರುತ್ತದೆ, ಅದೇ ದಿಕ್ಕು. ನಡುನಡುವೆ ಕಥೆ ಹೇಳುವ ದನಿಗಾಗಿ ಅವನು ಎಲ್ವೀರಾಳನ್ನು ಹುಡುಕಿಕೊಂಡು ಬಂದಿದ್ದ.

ದನಿ ಕೊಡಲು ಒಪ್ಪಿದವಳು ಕೊನೆಗೆ ಆಟವನ್ನೇ ಪ್ರಕಟಿಸಲು ಹೊರಟಳು. ಉಳಿತಾಯದ ಹಣದಲ್ಲಿ ಒಂದು ಪುಟ್ಟ ಪ್ರಕಾಶನ ನೋಂದಾಯಿಸಿದಳು. ಸುದ್ದಿ ಹಬ್ಬಿ, ಲಾಟ್ವಿಯಾದ ಇಲ್ಜೆ ಎಂಬ ಹೆಂಗಸು ಇಂಥದ್ದೇ ಎರಡು ಆಟ ಕೊಟ್ಟಳು. ಪೋಲೆಂಡಿನ ಅಣ್ಣತಮ್ಮಂದಿರಿಬ್ಬರು ಒಂದು ಕೊಟ್ಟರು. ಒಟ್ಟು ನಾಲ್ಕು ಆಟ. ಆಡಿ ನೋಡಿ ತಪ್ಪು ಹುಡುಕುವ ಕೆಲಸ ನನ್ನದು. ಆಮೇಲೆ ಬಂತು ಪ್ರಶ್ನೆ: ಇವನ್ನು ಯಾವ ಅಂಗಡಿಯಲ್ಲಿ ಇಡುವುದು?

ಅಂತರ್ಜಾಲದಲ್ಲಿ ಒಂದು ದೊಡ್ಡ ಅಂಗಡಿಯಿತ್ತು. ಜಗತ್ತಿನ ಆಟಗಾರರೆಲ್ಲ ಅಲ್ಲಿಗೇ ಬರುತ್ತಾರೆ. ಮಾರಿದ ಬೆಲೆಯಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಅಂಗಡಿಯೇ ಇಟ್ಟುಕೊಳ್ಳುತ್ತದೆ. ಇನ್ನೊಂದು ಸಣ್ಣದು, ಎಷ್ಟು ಪಾಲು ಕೊಡಬೇಕೆಂಬುದು ನಮ್ಮ ಇಷ್ಟ, ಆದರೆ ಬರುವವರು ಕಡಿಮೆ. ನಮ್ಮದೇ ಅಂಗಡಿ ತೆರೆಯಬಹುದಿತ್ತು; ಆಗ ದೇಶದೇಶದ ತೆರಿಗೆಯ ಕಾಗದಗಳನ್ನು ಅವಳೊಬ್ಬಳೇ ಬರೆಯುತ್ತ ಕೂರಬೇಕಿತ್ತು.

ಎಲ್ವೀರಾ ತನ್ನದೇ ರೀತಿಯಲ್ಲಿ ಪರೀಕ್ಷೆಗಿಳಿದಳು. ಪರದೆಯನ್ನು ಆರಿಸಿ, ನಾವು ಬಳಸುವ ಓದಿ ಹೇಳುವ ಯಂತ್ರದ ದನಿಯನ್ನಷ್ಟೇ ಕೇಳಿಕೊಂಡು ಆಟ ಕೊಳ್ಳಲು ನೋಡಿದಳು. ಎರಡು ದಿನವಾದ ಮೇಲೆ ನನಗೆ ಹೇಳಿದಳು: "ಇದು ಮೋಸ ಕಣೋ ಜೆನೋನಾಸ್. ಗುಂಡಿ ಎಲ್ಲಿದೆ ಅಂತ ನಂಗೆ ಮೊದ್ಲೇ ಗೊತ್ತು. ನಡಿ, ಬ್ರೋನೆ ಮನೆಗೆ ಹೋಗೋಣ."

ಬ್ರೋನೆಗೆ ಆಗ ಎಪ್ಪತ್ನಾಲ್ಕು. ಪನೆವೆಜಿಸ್‌ನಲ್ಲಿ ಒಂಟಿ ವಾಸ. ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವಳು, ನಲವತ್ತರ ಮೇಲೆ ಕಣ್ಣು ಕಳೆದುಕೊಂಡಿದ್ದಳು. ಇಬ್ಬರೂ ಬಸ್ಸಿನಲ್ಲಿ ಹೋದೆವು. ಬೇಸಿಗೆಯ ದಿನ. ಅವಳು ತಣ್ಣನೆಯ ಬೀಟ್ರೂಟ್ ಸಾರು, ಬಿಸಿ ಆಲೂಗಡ್ಡೆ ಕೊಟ್ಟು, ಆಮೇಲೆ ಕಂಪ್ಯೂಟರಿನ ಮುಂದೆ ಕೂತಳು. ಮೊದಲು ದೊಡ್ಡ ಅಂಗಡಿ. ಹೆಸರು, ವಿಳಾಸ ಎಲ್ಲ ಬೆರಳಲ್ಲಿ ಪಟಪಟ ಒತ್ತಿದಳು. ಆಮೇಲೆ ನಿಂತಳು.

"ಇದೇನೋ ಕೇಳ್ತಿದೆ ಕಣಮ್ಮ. ಚಿತ್ರ, ಚಿತ್ರ, ಚಿತ್ರ ಅಂತ ಒಂಬತ್ ಸಲ ಹೇಳಿ ಸುಮ್ನಾಯ್ತು."

"ದೋಣಿ ಇರೋ ಚಿತ್ರ ಆರಿಸ್ಬೇಕಂತೆ," ಎಂದಳು ಎಲ್ವೀರಾ.

"ಯಾಕಂತೆ?"

"ನೀವು ಮನುಷ್ಯರು ಹೌದೋ ಅಲ್ವೋ ಅಂತ ನೋಡೋಕೆ. ಯಂತ್ರ ಅಲ್ಲ ಅಂತ ತೋರಿಸ್ಬೇಕು."

"ಹೆಂಗ್ ತೋರಿಸ್ಲಿ?" ಎಂದಳು.

ಚಿತ್ರದ ಬದಲು ಕೇಳಿ ಉತ್ತರಿಸಲು ಕಿವಿಯ ಗುರುತೊಂದಿತ್ತು. ಅದನ್ನು ಒತ್ತಿದರೆ ಗದ್ದಲದ ಮಧ್ಯೆ ಯಾರೋ ಇಂಗ್ಲಿಷಿನಲ್ಲಿ ಏನೋ ಅಂದ. ಬ್ರೋನೆಗೆ ಲಿಥುವೇನಿಯನ್, ರಷ್ಯನ್ ಎರಡೇ ಬರುವುದು. ಮೂರು ಸಲ ಪ್ರಯತ್ನಿಸಿದಳು. "ಭಾನುವಾರ ಮೊಮ್ಮಗಳು ಬರ್ತಾಳೆ, ಅವಳ ಕೈಲಿ ಒತ್ತಿಸ್ತೀನಿ ಬಿಡು," ಎಂದಳು. ಆಮೇಲೆ ತಾನೇ, "ಬೇಡ. ಗುಳಿಗೆ ಚೀಟಿ ಓದೋಕೆ ಅವಳೇ, ಕಾಗದ ಓದೋಕೆ ಅವಳೇ. ಆಟಕ್ಕೂ ಅವಳನ್ನೇ ಬೇಡ್ಬೇಕಾ?"

ಸಣ್ಣ ಅಂಗಡಿಯಲ್ಲಿ ಎಲ್ವೀರಾ ಪರೀಕ್ಷೆಗೆಂದು ಕೆರೆಯ ಆಟವನ್ನು ಇಟ್ಟಿದ್ದಳು; ಬ್ರೋನೆ ಅದನ್ನು ಐದು ನಿಮಿಷದಲ್ಲಿ ಕೊಂಡುಮುಗಿಸಿದಳು. ನಾವು ಹೊರಡುವ ಹೊತ್ತಿಗೆ ಕೆರೆಯ ನಡುವೆ ಮುಳುಗಿ, "ಹಾಳು ನಾಯಿ, ದಾರಿ ತಪ್ಪಿಸ್ತು!" ಎಂದು ಬೈಯುತ್ತಿದ್ದಳು. ಹಿಂತಿರುಗುವ ಬಸ್ಸಿನಲ್ಲಿ ಎಲ್ವೀರಾ, "ನಾಲ್ಕೂ ಸಣ್ಣದ್ರಲ್ಲೇ ಇಡೋದು," ಎಂದಳು. ಅವಳು ನಿರ್ಧಾರ ಮಾಡಿಬಿಟ್ಟಿದ್ದಾಳೆಂದು ನನಗೆ ಗೊತ್ತಾಯಿತು.

ಮರುದಿನ ಅವಳ ಅಡುಗೆಮನೆಯಲ್ಲಿ ಗೀತಿಸನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ಎಲ್ವೀರಕ್ಕ, ನಾನು ಓದಿದ್ದು ಕುರುಡರ ಶಾಲೇಲಿ. ಮಲಗಿದ್ದು ಕುರುಡರ ಹಾಸ್ಟೆಲ್‌ನಲ್ಲಿ. ಮನೆ ಕುರುಡರ ಬೀದೀಲಿ. ಅಪ್ಪ ಅಮ್ಮ ಒಬ್ರಿಗೊಬ್ರು ಸಿಕ್ಕಿದ್ದೂ ಕುರುಡರ ಕಾರ್ಖಾನೇಲಿ. ಈಗ ನನ್ ಆಟಾನೂ ಕುರುಡರ ಅಂಗಡೀಲೇ ಇಡ್ಬೇಕಾ?"

"ಅದು ಕುರುಡರ ಅಂಗಡಿ ಅಲ್ಲ ಮಗ. ಸಣ್ಣ ಅಂಗಡಿ."

"ಕಣ್ಣಿರೋರು ಕಾಲಿಡದ ಅಂಗಡಿ."

"ದೊಡ್ಡದ್ರ ಬಾಗ್ಲು ಬ್ರೋನೆ ದಾಟೋಕಾಗ್ಲಿಲ್ಲ. ನಾನೇ ಪಕ್ಕದಲ್ಲಿದ್ದೆ."

"ನಾವೆಲ್ಲ ಹೊರಗೇ ನಿಂತ್ಕೊಂಡ್ರೆ, ನಾವ್ ಇದೀವಿ ಅಂತ ಒಳಗಿರೋರ್ಗೆ ಗೊತ್ತಾಗೋದಾದ್ರೂ ಹೆಂಗೆ?"

ಅವಳು ನನ್ನ ಕಡೆ ತಿರುಗಿದಳು. "ನೀನೇನಂತೀಯ?"

"ಇಬ್ರೂ ಹೇಳೋದು ಸರಿನೇ," ಎಂದೆ.

"ಇವ್ರೊಬ್ರು, ತಕ್ಕಡಿ ಮಾವ!" ಎಂದ ಗೀತಿಸ್. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ನಿಮಗೆ ಕಣ್ಣಿದೆ ಅಕ್ಕ. ಯಾವ ಬಾಗ್ಲೂ ನಿಮಗೆ ಮುಚ್ಚಿರ್ಲಿಲ್ಲ. ನಮ್ ಪರವಾಗಿ ನೀವು ನೊಂದ್ಕೋಬೇಡಿ."

ಅವಳ ಕೈಯ ಚಮಚ ಬಟ್ಟಲಿನಲ್ಲಿ ತಿರುಗುವುದು ನಿಂತಿತು. ಇಪ್ಪತ್ತಾರು ವರ್ಷ ನಮಗಾಗಿ ಓದಿದ ಹೆಂಗಸು. ನಾನು ಗೀತಿಸನಿಗೆ ಗದರಬೇಕೆಂದಿದ್ದೆ, ಗದರಲಿಲ್ಲ. ಯಾಕೆಂದರೆ ಅವನು ಹೇಳಿದ್ದರಲ್ಲಿ ನನ್ನ ಬದುಕೂ ಇತ್ತು. ಬಟ್ಟಲು ಪಕ್ಕಕ್ಕೆ ಸರಿದ ಸದ್ದಾಯಿತು. ಅವಳು ಹೇಳಿದಳು: "ಆಟ ನಿಂದು. ತಗೊಂಡ್ ಹೋಗಿ ಅಲ್ಲೇ ಇಡು. ಮಿಕ್ಕ ಮೂರು ಸಣ್ಣ ಅಂಗಡೀಲಿ ಇರ್ಲಿ."

ದೊಡ್ಡ ಅಂಗಡಿಯವರು ಆಟದ ಐದು ಚಿತ್ರ ಕೇಳಿದರು. ಗೀತಿಸ್ ಐದು ಬರಿಯ ಕಪ್ಪು ಚೌಕ ಕಳಿಸಿದ. ಚಿತ್ರದಲ್ಲಿ ಆಟ ಕಾಣಬೇಕು ಎಂಬ ಒಕ್ಕಣೆಯೊಂದಿಗೆ ಅವು ಹಿಂದೆ ಬಂದವು. "ಕಾಣ್ತಿರೋದೇ ಆಟ ಕಣ್ರಯ್ಯಾ!" ಎಂದು ಅವನು ಯಂತ್ರಕ್ಕೆ ಕೂಗಿದ್ದು ಕೆಳಗಿನ ಮಹಡಿಗೂ ಕೇಳಿಸಿತಂತೆ. ಹಟಕ್ಕೆ ಬಿದ್ದು ತಿಂಗಳುಗಟ್ಟಲೆ ಹಾಗೇ ಬಿಟ್ಟ.

ಜನವರಿಯಲ್ಲಿ ಎಲ್ವೀರಾ ಎರವಲು ತಂದ ಹಳೆಯ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಜರಸಾಯ್ ಕಡೆಯ ಕೆರೆಯೊಂದಕ್ಕೆ ಹೋದಳು. ಫೋಟೋ ತೆಗೆಯುತ್ತ ಮಂಜುಗಡ್ಡೆಯ ಮೇಲೆ ಒಳಕ್ಕೆ ನಡೆದಳು. ನಾನು ದಡದಲ್ಲಿ ನಿಂತು ಅವಳ ಬೂಟಿನ ಸದ್ದು ಎಣಿಸುತ್ತಿದ್ದೆ. ಎಲ್ಲೋ ಆಳದಲ್ಲಿ ಕೆರೆ ನರಳಿತು; ಬೂಟು ನಿಂತಿತು.

"ಎಲ್ವೀರಾ!"

"ಕೂಗ್ಬೇಡ ಮಾರಾಯ, ಇದೀನಿ." ಮರಳಿ ಬಂದಾಗ ಅವಳ ಉಸಿರು ಅದುರುತ್ತಿತ್ತು. ಐದು ಚಿತ್ರ ಸಿಕ್ಕಿದ್ದವು. ಗೀತಿಸನಿಗೆ ಅವನ್ನು ಕಳಿಸಿದಳು, ಒಂದು ಸಾಲೂ ಬರೆಯದೆ.

ಆಟ ದೊಡ್ಡ ಅಂಗಡಿ ಸೇರಿತು. ನಾವು ಯಾರೂ ಊಹಿಸದಷ್ಟು ಓಡಿತು. ಕಣ್ಣಿರುವ ಹುಡುಗ ಹುಡುಗಿಯರು ದೀಪ ಆರಿಸಿಕೊಂಡು ಆಡಿದರಂತೆ. ಗೀತಿಸನಿಗೆ ದೂರದ ದೇಶಗಳಿಂದ ಕಾಗದ ಬಂದವು. ಅವುಗಳಲ್ಲಿ ಕೆಲವು ಹೀಗಿದ್ದವು: ನನ್ನ ತಮ್ಮನಿಗೆ ಕಣ್ಣಿಲ್ಲ, ಅವನಿಗಾಗಿ ನಾನು ಕೊಳ್ಳಬೇಕಾಯಿತು. ಅಂಥ ಪ್ರತಿ ಕಾಗದವನ್ನೂ ಅವನು ಅಂಗಡಿಯವರಿಗೆ ಕಳಿಸುತ್ತ ಹೋದ. ಎರಡು ವರ್ಷದ ಮೇಲೆ ಕಿವಿಯ ಪರೀಕ್ಷೆ ಆರು ಭಾಷೆಯಲ್ಲಿ ಬಂತು. ನಮ್ಮ ಭಾಷೆ ಅದರಲ್ಲಿರಲಿಲ್ಲ.

ಎಲ್ವೀರಾಳ ಮೂರು ಆಟ ಸಣ್ಣ ಅಂಗಡಿಯಲ್ಲಿ ಮೆಲ್ಲಗೆ ತೆವಳಿದವು. ಅಲ್ಲೂ ಕೊಳ್ಳಲಾಗದ ಮುದುಕ ಮುದುಕಿಯರಿಗೆ ಅವಳು ತನ್ನ ಫೋನ್ ನಂಬರ್ ಕೊಟ್ಟಳು. ಗುರುವಾರ ಮಧ್ಯಾಹ್ನ ಅವರು ಕರೆ ಮಾಡುವರು. ಆಟ ತೆರೆಯುವ ಗುಟ್ಟಿನ ಅಂಕಿಗಳನ್ನು ಇವಳು ಒಂದೊಂದಾಗಿ ಓದಿ ಹೇಳುವಳು. ಗೀತಿಸನೂ ಅವಳೂ ಮತ್ತೆ ಮಾತಾಡಿದರು, ಕೆಲಸದ ಮಾತಷ್ಟೇ. ಅಡುಗೆಮನೆಯಲ್ಲಿ ಆಡಿದ ಮಾತಿಗೆ ಅವನು ಕ್ಷಮೆ ಕೇಳಲಿಲ್ಲ. ಅವಳು ಕಾದಿದ್ದಳೋ ಇಲ್ಲವೋ, ನನಗೆ ಹೇಳಲಿಲ್ಲ.

ಮೊನ್ನಿನ ನವೆಂಬರಿನಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಅವಳ ಹೃದಯ ನಿಂತಿತು. ಮಣ್ಣು ಮಾಡುವಾಗ ಬಿಳಿ ಕೋಲುಗಳ ಸದ್ದು ಗೇಟಿನವರೆಗೂ ಇತ್ತು. ಬ್ರೋನೆ ಮೊಮ್ಮಗಳ ತೋಳು ಹಿಡಿದು ಬಂದಿದ್ದಳು. ಗೀತಿಸ್ ಹಿಡಿ ಮಣ್ಣು ಹಾಕಿದವನು ಅಲ್ಲೇ ನಿಂತುಬಿಟ್ಟ. ನಾನೇ ಕೈಹಿಡಿದು ಈಚೆ ಕರೆತಂದೆ. "ಮಾವ, ಆ ಚಿತ್ರ ತೆಗ್ಯೋಕೆ ಕೆರೆ ಮೇಲೆ ನಡೆದಿದ್ರಂತೆ, ನಿಜನಾ?" ಎಂದ. ಹೌದೆಂದೆ. ಅವನ ಅಳು ಎಂಥದೆಂದು ನಾನು ಮೊದಲ ಸಲ ಕೇಳಿದೆ.

ಈಗ ಪ್ರಕಾಶನ ಅವನ ಕೈಯಲ್ಲಿದೆ. ಮಿಕ್ಕ ಆಟಗಳನ್ನು ಎಲ್ಲಿಡಲಿ ಎಂದು ಅವನೇ ಕರೆ ಮಾಡಿ ಕೇಳಿದ. ಪೋಲೆಂಡಿನ ಅಣ್ಣತಮ್ಮಂದಿರು ದೊಡ್ಡ ಅಂಗಡಿ ಎಂದರು. ಇಲ್ಜೆ, "ಅವಳಿಟ್ಟಲ್ಲೇ ಇರ್ಲಿ," ಎಂದಳು. ಅವನು ಯಾರಿಗೂ ಎದುರಾಡದೆ ಅವರವರು ಹೇಳಿದಲ್ಲೇ ಇಟ್ಟ. ಗುರುವಾರದ ಫೋನ್ ನಾನು ಎತ್ತುತ್ತೇನೆ. ಕರೆಗಳು ಕಡಿಮೆಯಾಗುತ್ತಿವೆ. ಹೋದ ವಾರ ಒಬ್ಬ ಮುದುಕ, "ಹೊಸ ಆಟ ಬರುತ್ತೇನಯ್ಯಾ?" ಎಂದು ಕೇಳಿದ. ಬರುತ್ತೆ, ಗೀತಿಸ್ ಕಟ್ಟುತ್ತಿದ್ದಾನೆ ಎಂದೆ.

"ಎಲ್ಲಿ ಸಿಗುತ್ತೆ?"

ಅದನ್ನು ನಾವಿನ್ನೂ ಮಾತಾಡಿಕೊಂಡಿಲ್ಲ ಎಂದೆ.